ಗೆಣ್ಣುಮಾವನ ಸೀಮೆಸುಣ್ಣ

ಗೆಣ್ಣುಮಾವ ಯಾವ ವಸ್ತುವನ್ನೂ ಬರಿಯ ಕಣ್ಣಿನಿಂದ ನಂಬಿದವರಲ್ಲ. ಬಾಗಿಲಾಗಲಿ, ಮೇಜಾಗಲಿ, ಕೂರಲು ಕೊಟ್ಟ ಕುರ್ಚಿಯೇ ಆಗಲಿ, ಮೊದಲು ಬಲಗೈಯ ನಡುಬೆರಳನ್ನು ಮಡಿಸಿ, ಅದರ ಗೆಣ್ಣಿನಿಂದ ಎರಡು ಸಲ ತಟ್ಟಿ, ತಲೆಯನ್ನು ಒಂದಿಷ್ಟು ವಾರೆ ಮಾಡಿ, ಒಳಗಿನಿಂದ ಯಾರೋ ಓಗೊಡುತ್ತಾರೆಂಬಂತೆ ಕಾದು, ಆಮೇಲೆಯೇ ಮುಂದಿನ ಮಾತು. ಮಗಳನ್ನು ಮದುವೆಯಾಗುತ್ತೇನೆಂದು ಕೇಳಲು ಬಂದ ಹುಡುಗನ ಬೆನ್ನನ್ನೂ ಹೀಗೆಯೇ ತಟ್ಟಿ ನೋಡಿದರೆಂದು ಒಂದು ಸುದ್ದಿಯಿದೆ. ಕೇಳಿದರೆ ಅವರೇನೂ ಅಲ್ಲಗಳೆಯುವುದಿಲ್ಲ. "ಗಟ್ಟಿ ಇತ್ತು, ಒಪ್ಕೊಂಡೆ" ಎನ್ನುತ್ತಾರೆ.

ನಲವತ್ತು ವರ್ಷ ದೋಣಿ ಕಟ್ಟಿದ ಬಡಗಿ ಅವರು. ಉಳಿ ಸುತ್ತಿಗೆಗಳನ್ನು ಕೆಳಗಿಟ್ಟ ಮೇಲೆ ಇನ್ನೊಂದು ಕೆಲಸ ತಾನಾಗಿಯೇ ಬೆನ್ನಿಗೆ ಬಿತ್ತು. ಹಳೆಯ ದೋಣಿ ಕೊಳ್ಳುವವರು ಬೆಲೆ ಮಾತಾಡುವ ದಿನ ಅವರನ್ನು ಜೊತೆಗೆ ಕರೆದೊಯ್ಯುತ್ತಾರೆ. ಗಟ್ಟಿ ನೆಲದ ಮೇಲೂ ಅವರದು ದೋಣಿಯಲ್ಲಿ ನಿಂತವರ ನಡಿಗೆ. ಕಾಲುಗಳನ್ನು ಅಗಲಿಸಿ, ಒಂದೊಂದು ಹೆಜ್ಜೆಗೂ ನೆಲದ ಅನುಮತಿ ಪಡೆದು ಮುಂದುವರಿಯುತ್ತಾರೆ. ಕಡುಬೇಸಿಗೆಯಲ್ಲೂ ಮೈಬಿಡದ ಒಂದು ಕಂದು ಕೋಟು. ಅದರ ಎಡಜೇಬಿನಲ್ಲಿ ಗೋಣಿ ಹೊಲಿಯುವ ದಬ್ಬಳ, ಬಲಜೇಬಿನಲ್ಲಿ ಸೀಮೆಸುಣ್ಣ. ಒಳಜೇಬಿನಲ್ಲಿ ಏನಿದೆಯೆಂಬುದು ಅವರ ಹೆಂಡತಿಗೂ ತಿಳಿಯದು. ಆ ಕೋಟನ್ನು ಒಗೆಯಲು ಕೊಡಿ ಎಂದು ಆಕೆ ವರ್ಷಕ್ಕೊಮ್ಮೆ ಜಗಳ ತೆಗೆಯುತ್ತಾರೆ. "ಅದೂ ಸರಿ" ಎನ್ನುತ್ತಾರೆ ಇವರು, ಕೊಡುವುದಿಲ್ಲ. "ಅದೂ ಸರಿ" ಎಂಬುದು ಅವರ ಮಾತಿನ ಊರುಗೋಲು. ಒಪ್ಪಿದಾಗಲೂ ಅದೇ, ಒಪ್ಪದಿದ್ದಾಗಲೂ ಅದೇ, ಯಾವುದು ಯಾವುದೆಂದು ತಿಳಿಯಲು ಎದುರಿನವರಿಗೆ ಒಂದಿಷ್ಟು ಕಾಲ ಹಿಡಿಯುತ್ತದೆ.

ಅವರ ಕ್ರಮ ವಿಲಕ್ಷಣವಾದದ್ದು. ದೋಣಿಯ ಸುತ್ತ ತಟ್ಟುತ್ತ ಸಾಗುವಾಗ ದೋಷ ಕಂಡಲ್ಲಿ ಸೀಮೆಸುಣ್ಣದಿಂದ ಒಂದು ಸುತ್ತು ಬರೆಯುತ್ತಾರೆ. ಇಷ್ಟನ್ನು ಯಾರಾದರೂ ಮಾಡಿಯಾರು. ಆದರೆ ಇವರು ಗುಣ ಕಂಡಲ್ಲಿ ಒಂದು ಗೀಟನ್ನೂ ಎಳೆಯುತ್ತಾರೆ, ಅದೂ ಮಾರುವವನ ಕಣ್ಣೆದುರಿಗೇ. ಬೆಲೆ ಇಳಿಸಲೆಂದು ಕರೆತಂದವರ ಮೈಯೆಲ್ಲ ಆಗ ಉರಿದುಹೋಗುತ್ತದೆ. ಒಮ್ಮೆ ಮೀನಿನ ವ್ಯಾಪಾರಿಯೊಬ್ಬ ತಡೆಯಲಾರದೆ "ನೀವು ನಮ್ಮ ಕಡೆಯೋ, ಅವರ ಕಡೆಯೋ?" ಎಂದು ಕೇಳಿಯೇಬಿಟ್ಟನಂತೆ. "ನಾನು ದೋಣಿ ಕಡೆ" ಎಂದು, ಎಳೆದ ಗೀಟನ್ನೇ ಇನ್ನಷ್ಟು ದಪ್ಪಗೆ ತಿದ್ದಿದರಂತೆ ಇವರು.

ಇದೆಲ್ಲ ಗೊತ್ತಿದ್ದೂ ನಾನು ಅವರ ಬಾಗಿಲಿಗೆ ಹೋದದ್ದಕ್ಕೆ ಕಾರಣ ನನ್ನ ಅಕ್ಕನ ಮಗಳು. ಚೌಕಾಶಿಯಲ್ಲಿ ನನ್ನದು ಪಳಗಿದ ಕೈ. ನಾನು ಬರುವುದನ್ನು ಕಂಡರೆ ಅಂಗಡಿಯವರು ಇಳಿಸಲು ಜಾಗವಿರಲೆಂದು ಬೆಲೆಯನ್ನು ಮೊದಲೇ ಏರಿಸಿಡುತ್ತಾರೆ. ಆದರೆ ಮಡಕೆ, ಚಪ್ಪಲಿಗಳಿಗೆ ನಡೆಯುವ ವಿದ್ಯೆ ದೋಣಿಗೆ ನಡೆಯದು. ಹುಡುಗಿ ಆರು ವರ್ಷ ಬೇರೆಯವರ ದೋಣಿಯಲ್ಲಿ ಸಂಬಳಕ್ಕೆ ಚುಕ್ಕಾಣಿ ಹಿಡಿದು ಈ ದಡದ ಜನರನ್ನು ಆ ದಡಕ್ಕೆ ಮುಟ್ಟಿಸಿದವಳು. ಈಗ ಅವಳದೇ ಹೆಸರಿಗೆ ಪರವಾನಗಿ ಬಂದಿತ್ತು. ತಿಂಗಳೊಳಗೆ ಸ್ವಂತ ದೋಣಿ ತೋರಿಸದಿದ್ದರೆ ಅದು ಬೇರೆಯವರ ಪಾಲು. ಕೈಯಲ್ಲಿದ್ದದ್ದು ಅರವತ್ತೈದು ಸಾವಿರ. ನೋಡಿದ ದೋಣಿಗಳಲ್ಲಿ ಕೆಲವು ಕೈಗೆಟುಕಲಿಲ್ಲ, ಕೆಲವಕ್ಕೆ ನೀರೆಂದರೆ ಭಯವಿದ್ದಂತಿತ್ತು. ಇನ್ನು ನೋಡಲು ಉಳಿದಿದ್ದದ್ದು ಒಂದೇ ಒಂದು, ತಿಂಗಳಲ್ಲಿ ಉಳಿದಿದ್ದದ್ದು ನಾಲ್ಕು ದಿನ.

ಅದರ ಯಜಮಾನ ಮೂವತ್ತು ವರ್ಷ ನೀರಿನ ಮೇಲೆ ಬದುಕಿದ ಅಂಬಿಗ. ಮನೆಯ ಹಿತ್ತಿಲಿನಲ್ಲಿ, ನದಿಗೆ ಇಳಿಯುವ ಜಾರಿನ ಮೇಲೆ, ಮರದ ದಿಮ್ಮಿಗಳ ಮೇಲೇರಿಸಿಟ್ಟ ಎಂಜಿನ್ನಿನ ದೋಣಿ ಹೊಸ ನೀಲಿ ಬಣ್ಣದಲ್ಲಿ ಮಿರಮಿರನೆ ಹೊಳೆಯುತ್ತಿತ್ತು. ಮೇಲೆ ನಾಲ್ಕು ಕಂಬಗಳ ಮೇಲೆ ನಿಂತ ದಪ್ಪ ಬಟ್ಟೆಯ ಚಾವಣಿ. "ಎಂಬತ್ತು ಸಾವಿರ" ಎಂದ ಅಂಬಿಗ, ದೋಣಿಯನ್ನಲ್ಲ, ನೆಲವನ್ನು ನೋಡುತ್ತ. ಹುಡುಗಿಯ ಮುಖ ಬಾಡಿತು. ಗೆಣ್ಣುಮಾವ ಬೆಲೆಯನ್ನು ಕೇಳಿಸಿಕೊಂಡಂತೆಯೇ ತೋರಲಿಲ್ಲ.

"ಬಣ್ಣಾನೇ ಮಾತಾಡ್ತಿದೆ, ಮರಕ್ಕೆ ಬಾಯಿ ಬಿಡೋಕೆ ಅವಕಾಶ ಇಲ್ಲ" ಎಂದು ಗೊಣಗುತ್ತ ತಟ್ಟಲು ಶುರುಮಾಡಿದರು. ಮೂತಿಯಿಂದ ಹಿಡಿದು ಹಿಂದುಗಡೆಯವರೆಗೆ, ಹಲಗೆ ಹಲಗೆಗೂ ಗೆಣ್ಣು, ಅನುಮಾನ ಬಂದಲ್ಲಿ ದಬ್ಬಳದ ಮೊನೆ, ಆಮೇಲೆ ಸೀಮೆಸುಣ್ಣ. ಬಲಮಗ್ಗುಲು ಮುಗಿಯುವಷ್ಟರಲ್ಲಿ ಅಲ್ಲಿ ಬರೀ ಗೀಟುಗಳು. ನಾನು ಹಲ್ಲು ಕಡಿದು ನಿಂತಿದ್ದೆ. ಎಡಮಗ್ಗುಲಿಗೆ ಹೋದರು, ಅಲ್ಲಿ ಬರೀ ಸುತ್ತುಗಳು. ಬಿರುಕು ಬಿಟ್ಟ ಹಲಗೆಗಳೆರಡು, ತರಚು, ನೆಗ್ಗು, ಎಲ್ಲ ಹೊಸ ಬಣ್ಣದಡಿಯಲ್ಲಿ ಅಡಗಿದ್ದವು. ನನಗೆ ಹೋದ ಜೀವ ಬಂದಂತಾಯಿತು. ಅವರು ಮಾತ್ರ ಎರಡು ಹೆಜ್ಜೆ ಹಿಂದೆ ಸರಿದು, ಕೋಟಿನ ಜೇಬಿಗೆ ಕೈಯಿಳಿಬಿಟ್ಟು, "ಒಂದೇ ಮಗ್ಗುಲಿಗೆ ವಯಸ್ಸಾಗಿರೋ ದೋಣಿ ನಾನು ನೋಡಿಲ್ಲ" ಎಂದರು, ಯಾರಿಗೂ ಅಲ್ಲವೆಂಬಂತೆ.

ಅಂಬಿಗನ ಹೆಂಡತಿ ಚಹಾ ತಂದು ಅವನ ಎಡಗಡೆ ಒಂದು ಲೋಟ ಇಟ್ಟರು. ಅವನು ಇತ್ತ ತಿರುಗುವಾಗ ಕೈ ತಾಗಿ ಲೋಟ ಉರುಳಿತು. ಗೆಣ್ಣುಮಾವ ಉರುಳಿದ ಲೋಟವನ್ನೂ ದೋಣಿಯ ಎಡಮಗ್ಗುಲನ್ನೂ ಒಂದಾದ ಮೇಲೊಂದರಂತೆ ನೋಡಿದರು. ಅಷ್ಟರಲ್ಲಿ ಅಂಬಿಗ ಇದ್ದಕ್ಕಿದ್ದಂತೆ "ಐವತ್ತು ಕೊಡಿ, ಸಾಕು, ತಗೊಂಡು ಹೋಗಿ" ಎಂದುಬಿಟ್ಟ.

ನನ್ನ ಬಾಳಿನ ಅತಿ ದೊಡ್ಡ ಚೌಕಾಶಿ ನಾನು ತುಟಿ ಬಿಚ್ಚುವ ಮೊದಲೇ ಗೆದ್ದಾಗಿತ್ತು. ಹುಡುಗಿಯ ತೋಳು ಹಿಡಿದು "ತೆಗಿ ದುಡ್ಡು" ಎಂದು ಪಿಸುಗುಟ್ಟಿದೆ.

"ಅದೂ ಸರಿ" ಎಂದರು ಗೆಣ್ಣುಮಾವ. "ಆದ್ರೆ ಯಾಕೆ?"

ಅಂಬಿಗ ಬಾಯಿಬಿಟ್ಟ. "ಇದು ಎಡಕ್ಕೆ ಎಳೆಯತ್ತೆ. ಎಷ್ಟು ನೆಟ್ಟಗೆ ಹಿಡಿದ್ರೂ ಹೋಗಿ ದಡದ ಕಟ್ಟೆಗೆ ಗುದ್ದತ್ತೆ. ಬಣ್ಣ ಬಳಿದು ಹೇಳದೆ ಮಾರೋಣ ಅಂತಿದ್ದೆ. ಈ ಹುಡುಗಿ ಮುಖ ನೋಡಿ ಮನಸ್ಸಾಗ್ಲಿಲ್ಲ. ಜನರನ್ನ ಕೂರಿಸ್ಕೊಂಡು ಹೋಗೋಳು."

ಒಂದು ಕ್ಷಣ ಎಲ್ಲ ಮುಗಿಯಿತೆನ್ನಿಸಿತು. ಎಡಕ್ಕೆ ಎಳೆಯುವ ದೋಣಿಯಲ್ಲಿ ಜನರನ್ನು ಹೇಗೆ ಸಾಗಿಸುವುದು? ಗೆಣ್ಣುಮಾವ ಕೋಟಿನ ತೋಳು ಮಡಿಸಿ, "ನೀರಿಗೆ ಇಳಿಸಿ. ಮಗು, ನೀನು ಚುಕ್ಕಾಣಿ ಹಿಡಿ" ಎಂದರು. ಎಲ್ಲರೂ ಸೇರಿ ನೂಕಿದೆವು. ಹುಡುಗಿ ನಡುನದಿಯ ಗುರುತುಕಂಬದವರೆಗೆ ಹೋಗಿ, ಅದನ್ನು ಸುತ್ತಿ, ಕಟ್ಟೆಗೆ ಬಂದು ಹೂವಿಟ್ಟಂತೆ ನಿಲ್ಲಿಸಿದಳು. ಗೆರೆ ಎಳೆದ ಹಾಗೆ ಹೋಗಿ ಬಂದಿತ್ತು ದೋಣಿ. ಎಂಜಿನ್ನು ಆರಿಸಿ ತಲೆಯೆತ್ತಿದಾಗ ಅವಳ ಮುಖದಲ್ಲಿದ್ದ ಬೆಳಕನ್ನು ಕಂಡು ನನ್ನ ಕಣ್ಣು ತುಂಬಿತು.

ಆಗಲಾದರೂ ಅವರು ಬಾಯಿಗೆ ಬೀಗ ಹಾಕಿಕೊಂಡಿದ್ದರೆ ಐವತ್ತಕ್ಕೆ ದೋಣಿ ನಮ್ಮದು. ನಾನು ಕೋಟಿನ ತುದಿ ಜಗ್ಗಿದೆ. "ಮಾವ, ಐವತ್ತು ಅಂದಿದಾರೆ."

"ಅದೂ ಸರಿ" ಎಂದು ಕೋಟು ಬಿಡಿಸಿಕೊಂಡು, ಅಂಬಿಗನ ಪಕ್ಕದಲ್ಲಿ, ಅವನ ಬಲಗಡೆಗೇ ಹೋಗಿ ಕೂತರು. "ಯಜಮಾನ್ರೇ, ದೋಣಿ ಎಡಕ್ಕೆ ಎಳೀತಿಲ್ಲ. ನಿಮ್ಮ ಎಡಗಣ್ಣಲ್ಲಿ ಪೊರೆ ಬಂದಿರ್ಬೇಕು. ನಂಗೂ ಹೀಗೇ ಆಗಿತ್ತು. ನಾನು ಸುತ್ತಿಗೇನ ಬೈಕೊಂಡಿದ್ದೆ."

"ಆರು ತಿಂಗಳಿಂದ ಬಡ್ಕೋತಿದೀನಿ!" ಅಂಬಿಗನ ಹೆಂಡತಿಯ ದನಿ ಹಿತ್ತಿಲು ತುಂಬಿತು. "ಬಾಗ್ಲು ಗುದ್ದಿದ್ರೆ ಬಾಗ್ಲಿಂದು ತಪ್ಪು, ಲೋಟ ಬಿದ್ರೆ ಲೋಟದ್ದು ತಪ್ಪು!"

ಅಂಬಿಗ ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ದೋಣಿಯತ್ತ ನೋಡಿದ. ಬಹಳ ಹೊತ್ತು ನೋಡಿದ. ಮೂವತ್ತು ವರ್ಷ ಅನ್ನ ಕೊಟ್ಟದ್ದರ ಮೇಲೆ ಇಷ್ಟು ದಿನ ಅಪವಾದ ಹೊರಿಸಿದೆನಲ್ಲ ಎಂಬ ಸಂಕಟ ಅವನ ಮುಖದಲ್ಲಿ ಕಂಡಿತು. ಅದರ ಹಿಂದೆಯೇ, ತಾನಿನ್ನೂ ಮುಗಿದುಹೋಗಿಲ್ಲ, ಇದು ವಾಸಿಯಾಗುವ ರೋಗ ಎಂಬ ನಿರಾಳವೂ.

"ಎರಡು ಹಲಗೆ ಬದಲಾಯಿಸ್ಬೇಕು. ಅದು ಕಳೆದು ಎಪ್ಪತ್ತು, ನ್ಯಾಯವಾದ ಬೆಲೆ" ಎಂದರು ಗೆಣ್ಣುಮಾವ.

ಹುಡುಗಿ ಮೆಲ್ಲಗೆ "ನನ್ಹತ್ರ ಇರೋದು ಅರವತ್ತೈದೇ, ಮಾವ" ಎಂದಳು.

"ಐವತ್ತು ಅಂದಿದ್ದೆ, ಅಷ್ಟಕ್ಕೇ ಕೊಡ್ತೀನಿ" ಎಂದ ಅಂಬಿಗ. ನನ್ನ ಪಾಲಿಗೆ ಆ ಕ್ಷಣದಲ್ಲಿ ಅವನಿಗಿಂತ ದೊಡ್ಡ ಮನುಷ್ಯನಿರಲಿಲ್ಲ.

"ಬೇಡ. ಇವತ್ತೇನೋ ಕೊಡ್ತೀರಿ. ಕಣ್ಣು ಕಾಣಿಸಿದ ದಿನ ಇದನ್ನ ನೋಡಿ ಹೊಟ್ಟೆ ಉರಿಯತ್ತೆ" ಎಂದರು ಗೆಣ್ಣುಮಾವ. ಆ ಹೊತ್ತಿನಲ್ಲಿ ಅವರ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಹುಡುಗಿ ದೋಣಿಯ ಸುತ್ತ ಕಣ್ಣಾಡಿಸಿದಳು. ಆಮೇಲೆ ಮೇಲಕ್ಕೆ ನೋಡಿ, ಚಾವಣಿಯ ಕಂಬವನ್ನು ತನ್ನ ನಡುಬೆರಳಿನ ಗೆಣ್ಣಿನಿಂದ ಎರಡು ಸಲ ತಟ್ಟಿದಳು. "ಇದು ಗಟ್ಟಿ ಇದೆ. ಬಟ್ಟೇನೂ ಹೊಸದು. ಇದನ್ನ ಬಿಚ್ಚಿ ನೀವೇ ಇಟ್ಕೊಂಡ್ರೆ ಐದು ಸಾವಿರ ಇಳಿಯತ್ತಲ್ವಾ?"

ಗೆಣ್ಣುಮಾವ ತಾವೂ ಒಮ್ಮೆ ತಟ್ಟಿದರು. ತಲೆ ವಾರೆಯಾಯಿತು. ಸೀಮೆಸುಣ್ಣ ಹೊರಬಂದು ಕಂಬದ ಮೇಲೆ ಗೀಟು ಬಿತ್ತು. "ಐದು. ಸರಿ" ಎಂದರು. ಅವರ ಬಾಯಲ್ಲಿ "ಅದೂ" ಇಲ್ಲದ "ಸರಿ" ಕೇಳಿದ್ದು ಅದೊಂದೇ ಸಲ.

ಪರವಾನಗಿ ಉಳಿಯಿತು. ಆ ವರ್ಷ ಹುಡುಗಿಯ ದೋಣಿಯಲ್ಲಿ ಜನ ಬಿಸಿಲಿಗೂ ಮಳೆಗೂ ಕೊಡೆ ಬಿಚ್ಚಿ ಕೂತರು, ಪಕ್ಕದವರ ಕೊಡೆಯ ಕಡ್ಡಿ ತಿವಿಯಿತೆಂದು ಜಗಳವಾಡಿದರು, ಆದರೂ ಅದನ್ನೇ ಕಾದು ಹತ್ತಿದರು. ಅಂಬಿಗ ಚಾವಣಿಯನ್ನು ಹಿತ್ತಿಲಿನಲ್ಲಿ ನಿಲ್ಲಿಸಿಕೊಂಡ. ಪೊರೆ ತೆಗೆಸಿಕೊಂಡು, ಪಟ್ಟಿ ಬಿಚ್ಚಿ, ಮದ್ದಿನ ದಿನಗಳೆಲ್ಲ ಮುಗಿದ ಮೇಲೆ, ಒಂದು ಬೆಳಿಗ್ಗೆ ಹೆಂಡತಿಯೊಂದಿಗೆ ಬಂದು ದೋಣಿಯ ಎಡಮಗ್ಗುಲನ್ನೇ ಆರಿಸಿಕೊಂಡು ಕೂತ. ಅಂಚಿಗೆ ಕೂಡಿಸಿದ ಹೊಸ ಹಲಗೆಗಳನ್ನು ಕೈಯಿಂದ ಸವರಿದ. ಆ ದಡ ಬರುವವರೆಗೂ ಹುಡುಗಿಗೆ ಮರಳದಿಬ್ಬಗಳು ಎಲ್ಲೆಲ್ಲಿವೆಯೆಂದು ತೋರಿಸಿದ, ಇಳಿಯುವಾಗ ಎಲ್ಲರಂತೆ ಹಣ ಕೊಟ್ಟ. ಅವಳು ಬೇಡವೆನ್ನಲು ಹೋಗಿ, ಗೆಣ್ಣುಮಾವ ಐವತ್ತನ್ನು ಬೇಡವೆಂದದ್ದು ನೆನಪಾಗಿ, ತೆಗೆದುಕೊಂಡಳು.

ಗೆಣ್ಣುಮಾವನಂಥವರನ್ನು ಜೊತೆಗೆ ಕರೆದೊಯ್ಯುವುದು ಸುಲಭವಲ್ಲ. ಅವರು ನಮ್ಮ ಗೆಲುವನ್ನು ನಮ್ಮ ಕೈಯಿಂದಲೇ ಕಿತ್ತುಕೊಳ್ಳುತ್ತಾರೆ, ಸಿಟ್ಟು ಬರಿಸುತ್ತಾರೆ, ಕೋಟು ಒಗೆಯಲು ಕೊಡುವುದಿಲ್ಲ. ಪರರ ಸರಕಿನಲ್ಲಿ ದೋಷ ಹುಡುಕುವ ಚತುರರು ನನ್ನಂಥವರು ಸಂತೆಗೊಬ್ಬರು ಸಿಗುತ್ತಾರೆ. ಸ್ವಂತದ್ದನ್ನು ಹೊಗಳುವವರಿಗೆ ಲೆಕ್ಕವೇ ಇಲ್ಲ. ಸುತ್ತನ್ನೂ ಗೀಟನ್ನೂ ಒಂದೇ ಸೀಮೆಸುಣ್ಣದಿಂದ ಬರೆಯುವವರು ಅಪರೂಪ. ಅವರು ಬೆಲೆ ಕಟ್ಟಿ ಎದ್ದುಹೋದ ಮೇಲೆ, ಕೊಂಡವರೂ ಮಾರಿದವರೂ ಮುಂದೊಂದು ದಿನ ಅದೇ ದೋಣಿಯಲ್ಲಿ ಎದುರುಬದುರು ಕೂತು ನದಿ ದಾಟಬಹುದು.