ಕೊಟ್ಟವರು ಯಾರು?

ಮಂಗೇಶ ವಕೀಲರು ಹೀರಾಳಿಗೆ ಹೇಳಿಕೊಟ್ಟದ್ದು ಒಂದೇ ಮಾತು: "ರಂಜನಾ ಮಗುವನ್ನು ತನ್ನ ಕೈಯಿಂದ ನನ್ನ ಕೈಗೆ ಕೊಟ್ಟಳು." ಅಷ್ಟು ಹೇಳಿದರೆ ಆ ಮಗು, ವೈಜಯಂತಿ, ಅವರ್ಸಾ ಊರಿನ ಹೀರಾಳ ಮನೆಯಲ್ಲೇ ಉಳಿಯುತ್ತಾಳೆ, ಹೇಳದಿದ್ದರೆ ಉಳಿಯುವುದು ಕಷ್ಟ ಎಂದು ಕಾರವಾರದ ಕೋರ್ಟಿನ ಎದುರಿನ ಚಾದಂಗಡಿಯಲ್ಲಿ ಕೂತು ಬಿಡಿಸಿ ಹೇಳಿದ್ದರು.

"ಅವ್ಳು ನಂಗೆ ಕೊಡ್ಲೇ ಇಲ್ಲವಲ್ಲ ಸಾಯ್ಬ್ರೆ," ಎಂದಳು ಹೀರಾ. "ಅಮ್ಮನವ್ರಿಗೆ ಕೊಟ್ಳು. ಅಮ್ಮನವ್ರು ನಂಗೆ ಕೊಟ್ರು."

"ಗುಡಿಯ ಅಮ್ಮನವರಿಗೆ ಸಮನ್ಸ್ ಯಾವ ವಿಳಾಸಕ್ಕೆ ಕಳಿಸೂದು ಮಾರಾಯ್ತಿ? ನೀ ಹೇಳೂದೇ ಸಾಕ್ಷಿ. ಸರಿಯಾಗಿ ಹೇಳು."

ಹೀರಾ ಚಾ ಕುಡಿಯಲಿಲ್ಲ. ತೊಡೆಯ ಮೇಲೆ ಕೂತಿದ್ದ ವೈಜಯಂತಿ ಅದನ್ನು ಊದಿ ಊದಿ ಕುಡಿದಳು.

ಹೀರಾ ಹೆತ್ತ ಎರಡು ಮಕ್ಕಳೂ ತೊಟ್ಟಿಲಲ್ಲೇ ಹೋಗಿದ್ದವು. ಮೂರನೆಯದು ನಿಲ್ಲಲಿಲ್ಲ. ಅವಳ ಗಂಡ ಪುಂಡಲೀಕನ ತಂಗಿ ರಂಜನಾ ಕಾರವಾರದಲ್ಲಿದ್ದಳು. ಎರಡು ಹೆಣ್ಣುಮಕ್ಕಳಾದ ಮೇಲೆ ಮತ್ತೆ ಬಸುರಾದಾಗ, "ಇದು ಅಣ್ಣಂಗೆ," ಎಂದು ತಾನಾಗಿ ಮಾತು ಕೊಟ್ಟಳು. ಅಣ್ಣತಂಗಿಯರ ನಡುವೆ ಕಾಗದ ಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಆದರೆ ಪುಂಡಲೀಕನ ಮನೆಯಲ್ಲೊಂದು ಕಟ್ಟಳೆಯಿತ್ತು. ಮಕ್ಕಳು ಉಳಿಯದ ಮನೆಗೆ ಹೆತ್ತವಳ ಕೈಯಿಂದ ನೇರವಾಗಿ ಮಗು ಬರಬಾರದು. ಹೆತ್ತವಳು ಊರ ಅಮ್ಮನವರ ಗುಡಿಯ ಕಲ್ಲಿನ ಮೇಲೆ ಮಗುವನ್ನು ಮಲಗಿಸಿ, "ನಿನ್ನ ಮಗು, ನಿಂಗೆ," ಎಂದು ಹೇಳಿ ಹಿಂದೆ ನೋಡದೆ ಹೋಗಬೇಕು. ಮಗು ಯಾವ ಮನೆಗೆ ಹೋಗುತ್ತದೆಂದು ಬಾಯಿಬಿಡಬಾರದು. ಆಮೇಲೆ ಗುಡಿಯ ಪೂಜೆ ಮಾಡುವ ಗುನಗರು ಮಗುವನ್ನು ಎತ್ತಿ, ಕಾದು ನಿಂತವಳ ಸೆರಗಿಗೆ ಹಾಕುತ್ತಾರೆ. ಅಲ್ಲಿಂದ ಮುಂದೆ ಅದು ಅಮ್ಮನವರ ಮಗು. ಮನೆಗೆ ಅಂಟಿದ ಸಾವು ಅದನ್ನು ಮುಟ್ಟುವುದಿಲ್ಲ. ಪಡೆದವಳು ಯಾವತ್ತಾದರೂ "ಇವಳು ನನಗೆ ಕೊಟ್ಟಳು" ಎಂದು ಹೆತ್ತವಳ ಹೆಸರು ಹಿಡಿದು ಹೇಳಿದರೆ ಆ ಕಾವಲು ಮುರಿಯುತ್ತದೆ.

ಹಾಗೆ ಬಂದವಳು ವೈಜಯಂತಿ. ಮಗುಚಿದಳು, ತೊಟ್ಟಿಲು ದಾಟಿದಳು, ನಡೆದಳು, ಶಾಲೆಗೆ ಹೋದಳು. ಜ್ವರ ಬಂದಾಗಲೆಲ್ಲ ಹೀರಾ ಜೀವ ಕೈಯಲ್ಲಿ ಹಿಡಿದು ಕೂತಿದ್ದು ಹೌದು. ಆದರೆ ಜ್ವರ ಬಿಡುತ್ತಿತ್ತು.

ಪುಂಡಲೀಕ ಎರಡು ಸಾವಿರದ ಐದರ ಮಳೆಗಾಲದಲ್ಲಿ ತೀರಿಕೊಂಡ. ಹನ್ನೆರಡನೆಯ ದಿನದ ಊಟ ಮುಗಿಸಿ ಎಲೆ ಎತ್ತುವಾಗ ರಂಜನಾ ಹೇಳಿದಳು, "ವೈನಿ, ಅಣ್ಣಂಗೆ ಅಂತ ಹೇಳಿ ಬಿಟ್ಟುಕೊಟ್ಟೆ. ಈಗ ಅಣ್ಣನೇ ಇಲ್ಲ."

"ನಾನಿದ್ದೇನಲ್ಲ."

"ನೀ ಇದ್ದೆ. ಆದ್ರೆ ಅದು ನನ್ನ ಹೊಟ್ಟೇದು ವೈನಿ. ಒಂದ್ ದಿನಾನೂ ಮರೂಕೆ ಆಗ್ಲಿಲ್ಲ ನಂಗೆ."

ರಂಜನಾಳ ಗಂಡ ಸೂರಜ್ ನೌಕಾನೆಲೆಯಲ್ಲಿ ಗುಮಾಸ್ತ. ಕಾಗದದ ಮನುಷ್ಯ. ಅವನೇ ಜಿಲ್ಲಾ ನ್ಯಾಯಾಲಯಕ್ಕೆ ಅರ್ಜಿ ಹಾಕಿಸಿದ: ದತ್ತಕ ಆಗಿಯೇ ಇಲ್ಲ, ಮಗುವನ್ನು ಹೆತ್ತವರಿಗೆ ಕೊಡಿಸಬೇಕು.

ವಿಚಾರಣೆಯ ದಿನ ಹೀರಾಳನ್ನು ಕಟಕಟೆಗೆ ಹತ್ತಿಸಿದರು. ದೇವರ ಹೆಸರಿನಲ್ಲಿ ಸತ್ಯವನ್ನೇ ಹೇಳುತ್ತೇನೆ ಎಂದು ಹೇಳಿಸಿದರು. ಅವಳು ಕಣ್ಣುಮುಚ್ಚಿ ನಿಧಾನವಾಗಿ ಹೇಳಿದಳು.

"ಮಗುವನ್ನ ನಿಮಗೆ ಕೊಟ್ಟವರು ಯಾರು?" ಮಂಗೇಶ ವಕೀಲರು ಕೇಳಿದರು.

ಕೊನೆಯ ಬೆಂಚಿನಲ್ಲಿ ವೈಜಯಂತಿ ಜಡೆಯ ರಿಬ್ಬನ್ನು ಬಾಯಲ್ಲಿಟ್ಟುಕೊಂಡು ಕೂತಿದ್ದಳು. ಹೀರಾ ಅವಳನ್ನು ನೋಡಿದಳು. ಒಂದು ಮಾತು ಹೇಳಿದರೆ ಮಗು ಮನೆಯಲ್ಲಿ ಇರುತ್ತದೆ. ಆದರೆ ಇರುತ್ತದೆಯೇ? ಮನೆಯಲ್ಲಿಲ್ಲದಿದ್ದರೂ ಜೀವಂತ ಇರಲಿ.

"ಅಮ್ಮನವ್ರು ಕೊಟ್ರು," ಎಂದಳು.

ಮಂಗೇಶ ವಕೀಲರು ಕನ್ನಡಕ ತೆಗೆದು ಒರೆಸಿಕೊಂಡರು. ಆಶ್ಚರ್ಯವೆಂದರೆ, ಅದಕ್ಕೂ ಮೊದಲು ಅದೇ ಕಟಕಟೆಯಲ್ಲಿ ರಂಜನಾ ಹೇಳಿದ್ದೂ ಅದನ್ನೇ: "ಅಮ್ಮನವ್ರಿಗೆ ಕೊಟ್ಟೆ." ಎರಡೂ ಕಡೆಯವರ ಸಾಕ್ಷಿ ಹೀಗೆ ಒಂದೇ ಆದ ಮೇಲೆ ಉಳಿದದ್ದು ವಕೀಲರ ವಾದ ಮಾತ್ರ.

ಕಾಯ್ದೆ ಸ್ಪಷ್ಟವಿತ್ತು. ಹಿಂದೂಗಳ ದತ್ತಕಕ್ಕೆ ಹೋಮ ಬೇಕೆಂದಿಲ್ಲ. ಆದರೆ ಹೆತ್ತವರು, ಇಲ್ಲವೇ ಅವರಿಂದ ಅಧಿಕಾರ ಪಡೆದವರು, ಮಗುವನ್ನು ನಿಜವಾಗಿ ಕೊಟ್ಟಿರಬೇಕು, ಪಡೆಯುವವರು ಪಡೆದಿರಬೇಕು. ಗುನಗರು ಕೊಟ್ಟದ್ದು ತಾಯಿಯ ಪರವಾಗಿಯೇ, ಇದು ಆ ಮನೆತನದ ಪದ್ಧತಿ ಎಂದು ಮಂಗೇಶ ವಕೀಲರು ವಾದಿಸಿದರು. ಆ ಗುನಗರು ಈಗ ಬದುಕಿರಲಿಲ್ಲ. ಪದ್ಧತಿಗೆ ಬೇರೆ ಸಾಕ್ಷಿಯೂ ಸಿಗಲಿಲ್ಲ.

"ಸ್ವಾಮಿ, ಗುಡಿಯ ಜಮೀನಿಗೆ ದೇವರ ಹೆಸರಲ್ಲೇ ದಾವೆ ನಡೀತದೆ," ಎಂದರು ಅವರು. "ಜಮೀನು ಇಟ್ಟುಕೊಳ್ಳಬಹುದಾದ ದೇವರು ಒಂದು ಮಗುವನ್ನ ದಾಟಿಸಬಾರದೆ?"

ಎದುರು ಪಕ್ಷದ ತುಳಸಿದಾಸ ವಕೀಲರು ನಗುತ್ತಲೇ ಎದ್ದರು. "ಕಾನೂನಿನ ಕಣ್ಣಲ್ಲಿ ದೇವರು ಯಾವತ್ತೂ ಅಪ್ರಾಪ್ತ ವಯಸ್ಕ ಅನ್ನೋದನ್ನ ಮಿತ್ರರು ಮರೆತಂತಿದೆ. ಅಪ್ರಾಪ್ತರು ಇನ್ನೊಬ್ಬರ ಮಗುವನ್ನ ದತ್ತಕ ಕೊಡೂದು ಹೇಗೆ?"

ಕೋರ್ಟು ನಕ್ಕಿತು. ನ್ಯಾಯಾಧೀಶರು ನಗಲಿಲ್ಲ, ಹೀರಾಳೂ ನಗಲಿಲ್ಲ. ಅವಳಿಗೆ ತಿಳಿದದ್ದು ಇಷ್ಟೆ: ತನ್ನಿಂದ ದೇವರ ಆಣೆ ಹಾಕಿಸಿದ ಜಾಗದಲ್ಲಿ ದೇವರೇ ಚಿಕ್ಕ ಮಗು ಅಂತೆ.

ನ್ಯಾಯಾಧೀಶರು ವೈಜಯಂತಿಯನ್ನು ತಮ್ಮ ಕೋಣೆಗೆ ಕರೆದು ಬಿಸ್ಕೀಟು ಕೊಟ್ಟು ಯಾರು ಬೇಕೆಂದು ಕೇಳಿದರಂತೆ. ಆಯಿ ಬೇಕು ಎಂದಳಂತೆ; ಹೀರಾಳನ್ನು ಅವಳು ಕರೆಯುತ್ತಿದ್ದುದು ಹಾಗೆ. ರಂಜನತ್ತೆ ಬೇಡವೇ ಎಂದರೆ, ಅವಳೂ ಬೇಕು ಎಂದಳಂತೆ.

ಆದೇಶ ಬಂತು. ಇಬ್ಬರು ಹೆಂಗಸರ ನಂಬಿಕೆಯನ್ನೂ ನ್ಯಾಯಾಲಯ ಗೌರವಿಸುತ್ತದೆ. ಆದರೆ ಗುಡಿಯಲ್ಲಿ ಮಗುವನ್ನು ಬಿಡುವಾಗ ಯಾರಿಗೆ ಕೊಡುತ್ತೇನೆಂದು ತಾಯಿ ಹೇಳಿಲ್ಲ. ಆ ಮೌನದಿಂದ ದತ್ತಕ ಸಾಬೀತಾಗದು. ತಂದೆ, ತಾಯಿ, ಇಬ್ಬರು ಅಕ್ಕಂದಿರು ಇರುವ ಮನೆಯಲ್ಲಿ ಮಗುವಿನ ಹಿತವಿದೆ. ಹೀರಾ ತಿಂಗಳಿಗೊಮ್ಮೆ ನೋಡಬಹುದು.

"ಮೇಲ್ಮನವಿ ಮಾಡ್ಬಹುದು," ಎಂದರು ಮಂಗೇಶ ವಕೀಲರು, ವರಾಂಡದಲ್ಲಿ. "ಆದ್ರೆ ಅಲ್ಲೂ ಓದೂದು ನೀ ಇಲ್ಲಿ ಹೇಳಿದ್ದನ್ನೇ. ಒಂದ್ ಮಾತು ಹೇಳಿದ್ರೆ ಆಗ್ತಿತ್ತಲ್ಲ ತಂಗೀ."

"ಹೇಳಿ ಮಗೀಗೆ ಏನಾರೂ ಆದ್ರೆ ನೀವು ಉಳಿಸ್ಕೊಡ್ತಿದ್ರಾ ಸಾಯ್ಬ್ರೆ?"

ಅವರು ಕಡತವನ್ನು ಕಂಕುಳಿಗೆ ಸೇರಿಸಿ ಮೆಟ್ಟಿಲಿಳಿದರು.

ಮಗುವನ್ನು ಒಪ್ಪಿಸುವ ದಿನ ಹೀರಾ ಬಟ್ಟೆಯ ಗಂಟು, ಶಾಲೆಯ ಚೀಲ ಹಿಡಿದು ಬಸ್ಸಿನಲ್ಲಿ ಬಂದಿದ್ದಳು. ಕೋರ್ಟಿನ ಗೇಟಿನ ಹತ್ತಿರ ರಂಜನಾ ಕಾದಿದ್ದಳು. ಗೆದ್ದವಳ ಮುಖ ಅವಳದ್ದಾಗಿರಲಿಲ್ಲ. ಗಂಟನ್ನು ತೆಗೆದುಕೊಂಡು ತಗ್ಗಿದ ದನಿಯಲ್ಲಿ ಕೇಳಿದಳು, "ವೈನಿ, ಊಟಕ್ಕೆ ಎಂತ ಮಾಡಿದ್ರೆ ಉಣ್ತದೆ?"

ಹೀರಾ ಹೇಳಿದಳು. ಗಂಜಿ ಆಗ್ತದೆ, ತಣಿಸಿ ಕೊಡು. ಮೀನಿನ ಮುಳ್ಳು ನೀನೇ ಬಿಡಿಸು, ತಾನೇ ಬಿಡಿಸ್ತೆ ಹೇಳ್ತದೆ, ಕೇಳ್ಬೇಡ. ಎಡಗಿವಿ ಸೋರ್ತದೆ, ಮೀಯಿಸುವಾಗ ಹತ್ತಿ ಇಡು. ಗೋಡೆ ಬದಿಗೆ ಮಲಗೂದಿಲ್ಲ. ಕೈ ನಿನ್ನ ಹೊಟ್ಟೆ ಮೇಲೆ ಇಟ್ಟೇ ಇಡ್ತದೆ, ತೆಗೀಬೇಡ. ರಂಜನಾ ಪ್ರತಿ ಮಾತಿಗೂ ತಲೆಯಾಡಿಸುತ್ತ, ಸೆರಗಿನಿಂದ ಮೂಗು ಒರೆಸುತ್ತ ಕೇಳಿಸಿಕೊಂಡಳು.

ಸೂರಜ್ ಕೈತೋರಿಸಿ ರಿಕ್ಷಾ ನಿಲ್ಲಿಸಿದ. ಮೊದಲು ಅವನು ಹತ್ತಿದ, ಆಮೇಲೆ ರಂಜನಾ. ವೈಜಯಂತಿ ನಡುವೆ ನುಸುಳಿ ಕೂತು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಸೀಟನ್ನೊಮ್ಮೆ ಅಳೆದು ನೋಡಿದಳು.

"ಆಯೀ, ನೀ ಎಲ್ಲಿ ಕೂತ್ಕಂತೆ?"

"ನಾ ಹಿಂದಿನ ರಿಕ್ಷಾದಾಗೆ ಬತ್ತೆ," ಎಂದಳು ಹೀರಾ. "ನೀವು ಮುಂದೆ ಹೋಗ್ತಿರಿ."

ರಿಕ್ಷಾ ಹೊರಟಿತು. ಮಗು ಹೊರಗೆ ಕತ್ತು ಹಾಕಿ ಹಿಂದೆ ನೋಡುತ್ತಿತ್ತು, ಆಯಿ ಬರುತ್ತಾಳೋ ಇಲ್ಲವೋ ಎಂದಲ್ಲ, ಹಿಂದಿನ ರಿಕ್ಷಾ ತಮ್ಮದನ್ನು ಹಿಂದೆ ಹಾಕೀತೇನೋ ಎಂಬ ಖುಷಿಯಲ್ಲಿ.

ಮುಂದಿನ ಸರದಿಯ ರಿಕ್ಷಾದವನು ಹೀರಾಳ ಎದುರಿಗೇ ತಂದು ನಿಲ್ಲಿಸಿದ.

"ಬತ್ರ್ಯಾ ಅಕ್ಕಾ? ಎಲ್ಲಿಗೆ?"