ಕೆಂಪು ಚುಕ್ಕೆಯ ತೋಟಾ

ಹಗುರ, ಇದೇಕೆ ಇಷ್ಟು ಹಗುರ, ತಾನೇ ಎಲ್ಲೋ ಎಡವಿರಬೇಕು, ಮೊದಲ ಸಲ ತೋಟಾ ತುಂಬುತ್ತಿರುವ ಕೈ, ಎಂದುಕೊಂಡು ಆರ್ಡಿಸ್ ಎರಡನ್ನೂ ತಕ್ಕಡಿಯಿಂದೆತ್ತಿ ಅಂಗೈಯಲ್ಲೇ ತೂಗಿದಳು, ಬಲಗೈಯಲ್ಲಿ ಅವಳು ಈಗಷ್ಟೇ ತುಂಬಿದ್ದು, ಎಡಗೈಯಲ್ಲಿ ಗಂಡ ವರ್ಲಿನ್ ಹೋದ ವರ್ಷ ಅವಳಿಗೆಂದೇ ತುಂಬಿಟ್ಟದ್ದು, ಅದರ ತಲೆಯ ಮೇಲೆ ಉಗುರುಬಣ್ಣದ ಕೆಂಪು ಚುಕ್ಕೆ, ಹಗುರ ಅದೇ, ತನ್ನದೇ ಭಾರ — ಮದ್ದು ಜಾಸ್ತಿಯಾದ್ರೆ ಕೋವಿ ಕೈಯಲ್ಲೇ ಸಿಡಿಯುತ್ತೆ ಕಣೇ, ಪುಸ್ತಕದಲ್ಲಿ ಇದ್ದಷ್ಟೇ ಹಾಕು, ನಿನ್ನ ಅಡುಗೆಮನೆ ಅಂದಾಜು ಇಲ್ಲಿ ನಡೆಯಲ್ಲ, ಎಂದು ಬೆಳಿಗ್ಗೆ ಇದೇ ಬೆಂಚಿನ ಮುಂದೆ ನಿಂತು ಹೇಳಿದ್ದ, ಮಣಿಕಟ್ಟಿನ ಆಪರೇಷನ್ ಆಗಿ ಪಟ್ಟಿ ಸುತ್ತಿಕೊಂಡವನು, ಕೋವಿ ಹಿಡಿದಾನು, ತೋಟಾ ತುಂಬುವ ಯಂತ್ರದ ಹಿಡಿ ಎಳೆಯಲಾರ, ನಾಳೆ ನೋಡಿದರೆ ಬಾತುಬೇಟೆಯ ಮೊದಲ ದಿನ, ಹಾಗಾಗಿ ನೆಲಮಾಳಿಗೆಯ ಈ ಬೆಂಚು ಈ ವರ್ಷ ಅವಳ ಪಾಲಿಗೆ ಬಂತು, ಹಳೇ ಕೇಪು ತೆಗಿ, ಹೊಸದು ಕೂರಿಸು, ಮದ್ದು, ಅದರ ಮೇಲೆ ಪ್ಲಾಸ್ಟಿಕ್ ಬಟ್ಟಲು, ಬಟ್ಟಲಿಗೆ ಉಕ್ಕಿನ ಚರೆಕಾಳು, ಬಾಯಿ ಮಡಿಚು, ಮೊದಲನೇದನ್ನ ನನ್ನ ಹಳೇ ತೋಟಾ ಜೊತೆ ತೂಗಿ ನೋಡು, ನನ್ನವು ಟ್ರಕ್ಕಲ್ಲಿವೆ, ನಿನ್ನ ಡಬ್ಬಿ ಮುಟ್ಬೇಡ, ನಿಂಗೆ ಹೋದ ವರ್ಷದ್ದೇ ಬೇಕಾದಷ್ಟಿದೆ, ಎಂದಿದ್ದ. ಟ್ರಕ್ಕಿನವರೆಗೆ ಯಾರು ಹೋಗುತ್ತಾರೆ, ಕೈಗೆಟುಕಿದ್ದು ತನ್ನದೇ ಡಬ್ಬಿ.

ಚಾಕುವಿನಿಂದ ಚುಕ್ಕೆಯ ತೋಟಾವನ್ನು ಕೊಯ್ದಳು, ಸರಿಯಾದದ್ದು ಒಳಗೆ ಹೇಗಿರುತ್ತದೆ ನೋಡಿ ಕಲಿಯೋಣ ಎಂದು, ಪತ್ರಿಕೆಯ ಮೇಲೆ ಉದುರಿದ್ದು ರವೆ. ಗೋಧಿ ರವೆ. ಚರೆ ಒಂದೂ ಇಲ್ಲ, ಇನ್ನೊಂದನ್ನು ಕೊಯ್ದಳು, ರವೆ, ಇನ್ನೊಂದು, ರವೆ, ಅವಳೇ ಅಂಗಡಿಯಿಂದ ತಂದದ್ದು, ಗಂಜಿ ಕಂಡರೆ ಮೂಗು ಮುರಿಯುವವನಿಗೆ ರವೆ ಯಾಕೆ ಎಂದು ಕೇಳಿದ್ದಕ್ಕೆ, ಚರೆ ಗಲಗಲ ಅನ್ನದ ಹಾಗೆ ಮೇಲೊಂದು ಚಿಟಿಕೆ ಹಾಕ್ತೀನಿ, ನಿಂಗೆ ಅದೆಲ್ಲ ಅರ್ಥ ಆಗಲ್ಲ, ಎಂದಿದ್ದ. ಅರ್ಥ ಆಯಿತು ವರ್ಲಿನ್, ಈಗ ಆಯಿತು. ಇಷ್ಟು ವರ್ಷ ಅವಳು ಮಿಸಿಸಿಪ್ಪಿಯ ಹಿನ್ನೀರಿನಲ್ಲಿ, ಬೆರಳು ಮರಗಟ್ಟುವ ಚಳಿಯಲ್ಲಿ ಜೊಂಡಿನ ಮರೆಯಲ್ಲಿ ಕೂತು ಆಕಾಶಕ್ಕೆ ಉಪಾಹಾರ ಎರಚಿದ್ದಾಳೆ, ಬಾತುಗಳು ರೆಕ್ಕೆ ಕೂಡ ಅಲುಗಿಸದೆ ಹೋದವು, ತೋಟಾದಲ್ಲೇ ಏನೋ ತೊಂದರೆ ಇದೆ ಅನ್ನಿಸುತ್ತೆ ಎಂದು ಒಮ್ಮೆ ಅಂದದ್ದಕ್ಕೆ, ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ, ಎಂದು ನಕ್ಕ, ಶುಕ್ರವಾರ ಹೋಟೆಲಿನಲ್ಲಿ ಕರಿದ ಮೀನಿನ ತಟ್ಟೆ ಮುಂದಿಟ್ಟುಕೊಂಡು ಗೆಳೆಯರ ಎದುರು ಅದನ್ನೇ ಹೇಳಿದ, ನಮ್ಮನೆಯವಳು ಗುಂಡು ಹಾರಿಸಿದ್ರೆ ಬಾತುಗಳು ಥ್ಯಾಂಕ್ಸ್ ಹೇಳಿ ಹೋಗ್ತಾವೆ ಕಣ್ರೋ, ಎಲ್ಲರೂ ನಕ್ಕರು, ಅವಳೂ ನಕ್ಕಳು, ಛೇ, ತಾನೂ ನಕ್ಕೆನಲ್ಲ, ಅದೇ ಹೊಟ್ಟೆ ಉರಿಸುವುದು.

ಮತ್ತೆ ಆ ಮೊದಲ ವರ್ಷ, ಮದುವೆಗೂ ಮುಂಚೆ, ಅಪ್ಪನ ಕೋವಿ, ಅಪ್ಪನ ತೋಟಾ, ಎರಡು ಗುಂಡಿಗೆ ಎರಡು ಬಾತು ನೀರಿಗೆ ಬಿದ್ದಾಗ ದೋಣಿಯಲ್ಲಿದ್ದ ಎಲ್ಲರೂ ಶಿಳ್ಳೆ ಹಾಕಿದರು, ವರ್ಲಿನ್ ಸ್ವಲ್ಪ ತಡವಾಗಿ ನಕ್ಕ — ಮುಂದಿನ ವರ್ಷದಿಂದಲೇ ಚುಕ್ಕೆ, ನಿನ್ನ ಭುಜ ನೋಯಬಾರದು ಆರ್ಡಿ, ನಿಂಗೆ ಅಂತ ಮೆತ್ತಗೆ ತುಂಬಿದ್ದೀನಿ, ಎಂದು ಅವಳದೇ ಉಗುರುಬಣ್ಣದ ಶೀಶೆ ಕೇಳಿ ತೆಗೆದುಕೊಂಡ, ಅವಳು ಅದನ್ನು ಪ್ರೀತಿ ಎಂದು ನಾದಿನಿಯ ಹತ್ತಿರ ಹೇಳಿಕೊಂಡು ಮೆರೆದಳು, ಎಂಥಾ ಪೆದ್ದಿ. ಹಾಗಾದರೆ ಜೊತೆಗೆ ಕರೆದೊಯ್ದದ್ದಾದರೂ ಯಾಕೆ, ಯಾಕೆಂದರೆ ಒಂದು ಲೈಸೆನ್ಸಿಗೆ ಇಷ್ಟೇ ಹಕ್ಕಿ, ತನ್ನ ಪಾಲು ಮುಗಿದರೂ ಅವನ ಕೋವಿ ಇಳಿಯುತ್ತಿರಲಿಲ್ಲ, ನಿನ್ನ ಪಾಲೂ ನಾನೇ ಹೊಡೀತೀನಿ ಬಿಡು, ಗಂಡ ಹೆಂಡ್ತಿ ಮಧ್ಯೆ ಎಂಥ ಲೆಕ್ಕ, ಎನ್ನುತ್ತಿದ್ದ, ಅವಳು ಆ ಚಳಿಯಲ್ಲಿ ಕೂತದ್ದು ಅವನ ಎರಡನೆಯ ಪಾಲಾಗಿ. ಮಿಟ್ಸಿಗೆ ಗೊತ್ತಿತ್ತು. ಈಗ ಬೆಂಚಿನ ಕೆಳಗೆ ಮಲಗಿರುವ ಈ ಮುದಿ ಕರಿ ನಾಯಿ, ಮರೆಯಲ್ಲಿ ಇಬ್ಬರ ನಡುವೆ ಕೂತು ಯಾವಾಗಲೂ ಅವನ ಕೋವಿಯ ನಳಿಗೆಯನ್ನೇ ನೋಡುತ್ತಿತ್ತು, ಅವಳು ಗುಂಡು ಹಾರಿಸಿದರೆ ಕತ್ತು ಕೂಡ ಹೊರಳಿಸುತ್ತಿರಲಿಲ್ಲ, ಮರಿಯಾಗಿದ್ದಾಗ ಮಾತ್ರ ಒಂದೇ ಸಲ —

ಏ, ಮುಗೀತಾ, ಮೇಲಿನಿಂದ ವರ್ಲಿನ್, ಟಿವಿಯ ಗದ್ದಲದ ನಡುವೆ, ನಿನ್ನವು ನನ್ನವು ಬೆರೆಸಿಬಿಟ್ಟೀಯ, ಹುಷಾರು. ಇಲ್ಲಪ್ಪ, ಬೆರೆಸಲ್ಲ, ಅಂದಳು, ದನಿ ಎಂದಿನಂತೆಯೇ ಬಂತು, ಅವಳಿಗೇ ಆಶ್ಚರ್ಯ. ಹಿಡಿ ಎಳೆದಳು, ಕೇಪು, ಮದ್ದು, ಚರೆ, ಪುಸ್ತಕದಲ್ಲಿ ಇದ್ದಷ್ಟೇ, ಸಂಜೆಯ ಹೊತ್ತಿಗೆ ಡಬ್ಬಿ ತುಂಬಿತು, ಎಲ್ಲವೂ ನಿಜದ ತೋಟಾ, ಉಗುರುಬಣ್ಣದ ಶೀಶೆ ತೆರೆದು ಒಂದೊಂದಕ್ಕೂ ಚುಕ್ಕೆ ಇಟ್ಟಳು, ಅವನ ಹಳೆಯವನ್ನೂ ಟ್ರಕ್ಕಿನಿಂದ ತಂದು ಅವಕ್ಕೂ ಇಟ್ಟಳು. ನಾಳೆ ಬೆಳಿಗ್ಗೆ ಜೊಂಡಿನ ಮರೆಯಲ್ಲಿ ಡಬ್ಬಿ ತೆರೆಯುತ್ತಾನೆ, ಎಲ್ಲ ಕೆಂಪು, ಯಾವುದರಲ್ಲಿ ಚರೆ ಯಾವುದರಲ್ಲಿ ರವೆ ಎಂದು ಅವಳನ್ನೇ ಕೇಳಬೇಕು, ಕೇಳಿದರೆ ರವೆಯ ಗುಟ್ಟು ತಾನೇ ಒಪ್ಪಿಕೊಂಡಂತೆ, ಕೇಳಲು ಬಾಯಿ ಬರುವುದಿಲ್ಲ, ಕೇಳಲಿ ನೋಡೋಣ, ಮೊದಲ ಗುಂಡು ಅವಳದೇ, ತಾನೇ ಚರೆ ತುಂಬಿದ್ದು, ಆಗ ಮಿಟ್ಸಿ ಕತ್ತು ಹೊರಳಿಸುತ್ತದೋ ಇಲ್ಲವೋ, ಇಷ್ಟು ವರ್ಷದ ಮೇಲೆ ನಾಯಿ ನಂಬುತ್ತದೋ ಇಲ್ಲವೋ, ಅಂದು ಮರಿಯಾಗಿದ್ದಾಗ ನಂಬಿತ್ತು, ಅವಳ ಗುಂಡಿನ ಸದ್ದಿಗೆ ನೀರಿಗೆ ಹಾರಿತ್ತು, ಸುತ್ತಿತು, ಹುಡುಕಿತು, ಜೊಂಡಿನೊಳಗೆಲ್ಲ ಹುಡುಕಿತು, ನಡುಗುತ್ತಾ ಈಜಿ ವಾಪಸ್ ಬಂದು ಅವಳ ಮುಂದೆ ಕೂತು ಮುಖ ನೋಡಿತು, ಬಾಯಿಂದ ನೀರು ತೊಟ್ಟಿಕ್ಕುತ್ತಿತ್ತು, ಬಾಯಿ ಖಾಲಿ.