ಹಪ್ಪಳದ ಡಬ್ಬಿಯಲ್ಲಿ ಮದುಮಗ

ಜಯಪುರದ ಪೇಟೆಯಲ್ಲಿ ಹೊತ್ತು ಹೋಗದವರು ಯೋಗೇಂದ್ರನ ಅಂಗಡಿಯ ಮೆಟ್ಟಿಲು ಹತ್ತಿ "ಸ್ಕ್ಯಾನರ್ ಬಂತಾ?" ಎಂದು ಕೇಳಿದರೆ ಸಾಕಿತ್ತು. ಅವರು ಹತ್ತಬೇಕಾದ ಬಸ್ಸು ಬಂದು, ಹೋಗಿ, ಇನ್ನೊಂದು ಬರುವ ತನಕ ಮಾತು ಮುಗಿಯುತ್ತಿರಲಿಲ್ಲ. ಮೂವತ್ತು ವರ್ಷ ಸುತ್ತಲ ಊರಿನ ಮದುವೆ, ಗೃಹಪ್ರವೇಶಗಳ ಫೋಟೋ ತೆಗೆದ ಮನುಷ್ಯ. ಈಗ ಅದೇ ಅಂಗಡಿಯಲ್ಲಿ ಜೆರಾಕ್ಸು, ಪಾಸ್‌ಪೋರ್ಟ್ ಸೈಜಿನ ಫೋಟೋ, ಲ್ಯಾಮಿನೇಷನ್ನು. ಹಳೆಯ ನೆಗೆಟಿವ್‌ಗಳು ಸಾವಿರಗಟ್ಟಲೆ, ಒಳಕೋಣೆಯ ಅಟ್ಟದ ಮೇಲೆ, ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆಗಳಲ್ಲಿ ಕಾಗದದ ಲಕೋಟೆಯೊಳಗೆ ಮಲಗಿದ್ದವು. ಅವನ್ನೆಲ್ಲ ಕಂಪ್ಯೂಟರಿಗೆ ಏರಿಸಬೇಕೆಂದು ಒಂದು ದಿನ ಅವನಿಗೆ ಅನ್ನಿಸಿತು. ಯಾವ ಯಂತ್ರ ತರಬೇಕೆಂದು ಯೋಚಿಸುವಷ್ಟರಲ್ಲಿ ಎರಡು ವರ್ಷ ಕಳೆಯಿತು.

ಕಾಗದಪತ್ರಕ್ಕೂ ಫಿಲ್ಮಿಗೂ ಎರಡಕ್ಕೂ ಆಗುವ ಸ್ಕ್ಯಾನರ್ ಇದೆ, ಆದರೆ ಚಿತ್ರ ಮಸುಕಾಗಿ ಬರುತ್ತದಂತೆ. ಫಿಲ್ಮಿಗೆಂದೇ ಮಾಡಿದ್ದು ಇದೆ, ಆದರೆ ಒಂದು ಪಟ್ಟಿ ಮುಗಿಯುವಷ್ಟರಲ್ಲಿ ಊಟ ಮಾಡಿ ಬರಬಹುದಂತೆ. ಬೆಳಕಿನ ಹಲಗೆಯ ಮೇಲೆ ಫಿಲ್ಮಿಟ್ಟು ಕ್ಯಾಮೆರಾದಲ್ಲೇ ಹೊಡೆಯಬಹುದು, ಆದರೆ ಧೂಳನ್ನು ತಾನಾಗಿ ಅಳಿಸುವ ಇನ್ಫ್ರಾರೆಡ್ ಅದರಲ್ಲಿ ಇಲ್ಲವಲ್ಲ! ಯಾವುದನ್ನು ನೋಡಿದರೂ ಕೊನೆಗೊಂದು 'ಆದರೆ' ಸಿಗುತ್ತಿತ್ತು. ಯೋಗೇಂದ್ರನಿಗೆ ಯಂತ್ರಕ್ಕಿಂತ ಆ 'ಆದರೆ' ಹೆಚ್ಚು ಪ್ರಿಯವಾಗಿತ್ತೋ ಏನೋ.

"ಎಂತ ಮಾರಾಯ, ನಮ್ಮ ಅಣ್ಣನಿಗೆ ಹೆಣ್ಣು ಹುಡುಕಿದಾಗ್ಲೂ ಇಷ್ಟು ಕೊಂಕು ತೆಗೆದಿರ್ಲಿಲ್ಲ," ಎಂದು ಪಕ್ಕದ ಹೋಟೆಲಿನ ಧರ್ಮೇಶ ರೇಗಿಸುತ್ತಿದ್ದ. ಅವನ ಹೋಟೆಲಿನ ಒಲೆಗೂ ಯೋಗೇಂದ್ರನ ಅಟ್ಟಕ್ಕೂ ಒಂದೇ ಗೋಡೆ.

ಯುಗಾದಿ ಕಳೆದ ವಾರ ಕೆರೆಕಟ್ಟೆಯ ಸೀತಕ್ಕ ಬಂದಳು. ತೋಟದ ಕೂಲಿಗೆ ಹೋಗುವವಳು. ಒಂದು ದಿನದ ಕೆಲಸ ಬಿಟ್ಟು, ಇದ್ದೊಂದು ಬಸ್ಸು ಹಿಡಿದು ಬಂದಿದ್ದಳು. ಇಪ್ಪತ್ತೇಳು ವರ್ಷದ ಹಿಂದೆ ಅವಳ ಮದುವೆಯ ಫೋಟೋ ತೆಗೆದದ್ದು ಯೋಗೇಂದ್ರನೇ. ವರ್ಷ ತುಂಬುವುದರೊಳಗೆ ಗಂಡ ಪುಟ್ಟಪ್ಪ ಅಡಿಕೆ ಕೊನೆ ಕೊಯ್ಯಲು ಮರ ಹತ್ತಿದವನು ಬಿದ್ದು ತೀರಿಕೊಂಡ. ಮಗಳು ಅರ್ಪಣಾ ಆಗಿನ್ನೂ ಹೊಟ್ಟೆಯಲ್ಲಿದ್ದಳು. ಮನೆಯಲ್ಲಿದ್ದ ಎರಡು ಫೋಟೋಗಳನ್ನು ಗೆದ್ದಲು ತಿಂದಿತ್ತು.

"ಬರೋ ಕಾರ್ತೀಕದಲ್ಲಿ ಅರ್ಪಣಂದು ಮದುವೆ ಅಣ್ಣ. ಅಪ್ಪನ ಮುಖಾನೇ ನೋಡಿದೋಳಲ್ಲ ಅವಳು. ಧಾರೆ ಎರೆಯೋ ಹೊತ್ತಿಗೆ ಅಪ್ಪನ ಫೋಟೋ ಪಕ್ಕದಲ್ಲಿ ಇಡ್ಬೇಕು ಅಂತ ಹಟ ಹಿಡಿದಿದಾಳೆ. ನಿಮ್ಮತ್ರ ಫಿಲ್ಮ್ ಉಂಟಾ?"

ಉಂಟು ಎಂದರೇನು! ಯೋಗೇಂದ್ರ ಎದೆಯುಬ್ಬಿಸಿ ಅಟ್ಟ ಹತ್ತಿದ, ಐದೇ ನಿಮಿಷದಲ್ಲಿ ಲಕೋಟೆ ಹಿಡಿದು ಇಳಿದ. ಫಿಲ್ಮನ್ನು ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದ. ಇಷ್ಟು ವರ್ಷವಾದರೂ ಒಂದು ಕಲೆ ಬಿದ್ದಿರಲಿಲ್ಲ. ಆದರೆ ಮದುಮಗನ ಪೇಟದ ಹತ್ತಿರ ಒಂದು ಧೂಳಿನ ಕಣ ಕೂತಿತ್ತು. ಅಯ್ಯೋ, ಧೂಳು! ಅವನಿಗೆ ಮತ್ತೇನೂ ಕಾಣಿಸಲಿಲ್ಲ.

"ಫೋನಲ್ಲೇ ಒಂದು ಹೊಡ್ಕೊಡಿ, ಸಾಕು," ಎಂದಳು ಸೀತಕ್ಕ.

"ಫೋನಲ್ಲಾ? ನಿಮಗೆ ತಿಳಿಯಲ್ಲ ಸೀತಕ್ಕ. ಸ್ಕ್ಯಾನರ್ ಬರ್ಲಿ, ಕೂದಲು ಎಣಿಸ್ಬಹುದು, ಹಂಗೆ ತೆಗೆದುಕೊಡ್ತೇನೆ. ಕಾರ್ತೀಕಕ್ಕೆ ಇನ್ನೂ ಎಷ್ಟು ತಿಂಗಳುಂಟು!"

ಕೂದಲು ಎಣಿಸುವುದು ಅವಳಿಗೆ ಬೇಕಿರಲಿಲ್ಲ. ಆದರೂ ಓದಿ ತಿಳಿದವರು ಹೇಳಿದ ಮೇಲೆ ಎದುರಾಡಬಾರದೆಂದು ತಲೆಯಾಡಿಸಿ ಬಸ್ಸಿಗೆ ಹೋದಳು.

ಆ ಒಂದು ಕಣ ಯೋಗೇಂದ್ರನ ನಿದ್ದೆ ಕೆಡಿಸಿತು. ಅಟ್ಟದ ತುಂಬ ಧೂಳು, ರಟ್ಟಿನ ಪೆಟ್ಟಿಗೆಗೆ ಮುಚ್ಚಳ ಸರಿಯಿಲ್ಲ, ಕಾಗದದ ಲಕೋಟೆಯ ಬಾಯಿ ತೆರೆದೇ ಇದೆ. ಯೋಚಿಸಿ ಯೋಚಿಸಿ, ಆರಿದ್ರೆ ಮಳೆ ಹಿಡಿದು ಗಿರಾಕಿಗಳಿಲ್ಲದ ವಾರದಲ್ಲಿ ಎಲ್ಲವನ್ನೂ ಕೆಳಗಿಳಿಸಿದ. ಕಾಗದದ ಲಕೋಟೆ ಎಸೆದು ಪ್ರತಿಯೊಂದನ್ನೂ ಪ್ಲಾಸ್ಟಿಕ್ಕಿನ ಕವರಿಗೆ ಹಾಕಿದ. ಮನೆಯಿಂದ ಹಪ್ಪಳದ ಡಬ್ಬಿಗಳನ್ನು ತಂದು ಅದರಲ್ಲಿ ತುಂಬಿ, ಮುಚ್ಚಳದ ಸುತ್ತ ಎರಡು ಸುತ್ತು ಟೇಪು ಬಿಗಿದ. ಮಳೆಗಾಲಕ್ಕೆ ಹಪ್ಪಳ ಕಾಪಾಡುವ ಡಬ್ಬಿ ಫಿಲ್ಮನ್ನು ಕಾಪಾಡದೇ ಇರುತ್ತದೆಯೇ?

ಹೆಂಡತಿ ಚೇತನಾ ಬಾಗಿಲಲ್ಲಿ ನಿಂತು ನೋಡಿದಳು. "ರೀ, ಹಪ್ಪಳ ನಾವು ಸುಡುಬಿಸಿಲಲ್ಲಿ ಒಣಗಿಸಿ, ಗರಿಗರಿ ಇರುವಾಗ ತುಂಬೋದು. ನೀವು ಗೋಡೆಯೆಲ್ಲ ಬೆವರ್ತಿರೋ ಹೊತ್ತಲ್ಲಿ ತುಂಬ್ತಿದ್ದೀರಲ್ಲ ಮಾರಾಯ್ರೆ."

"ಫಿಲ್ಮನ್ನ ಬಿಸಿಲಿಗೆ ಹಾಕ್ತಾರಾ ಯಾರಾದ್ರೂ? ಸುಮ್ನಿರು ನೀನು," ಎಂದು ಗದರಿದ. ಡಬ್ಬಿಗಳೆಲ್ಲ ಅಂಗಡಿಯ ಇನ್ನೊಂದು ಮೂಲೆಯ ಕಬ್ಬಿಣದ ಬೀರುವಿಗೆ ಹೋದವು. ಧರ್ಮೇಶನ ಒಲೆಯ ಕಾವು ಹಗಲಿಡೀ ತಾಗಿ ಒಣಗಿರುತ್ತಿದ್ದ ಅಟ್ಟ ಖಾಲಿಯಾಯಿತು. ಒಂದು ಕಣ ಧೂಳೂ ಇನ್ನು ಒಳಗೆ ನುಗ್ಗಲಾರದೆಂದು ಅವನಿಗೆ ಎಂದಿಲ್ಲದ ನೆಮ್ಮದಿ.

ದೀಪಾವಳಿಗೆ ಮುಂಚೆ ಸೀತಕ್ಕ ಫೋನ್ ಮಾಡಿದಳು. "ಅಣ್ಣ, ಮದುವೆಗೆ ಇನ್ನು ಇಪ್ಪತ್ತೇ ದಿನ." ಯೋಗೇಂದ್ರನಿಗೆ ಈ ಸಲ 'ಆದರೆ' ಅನ್ನಲು ಜಾಗವಿರಲಿಲ್ಲ. ಅವತ್ತೇ ಫಿಲ್ಮಿಗೆಂದೇ ಇರುವ ಯಂತ್ರಕ್ಕೆ ಆರ್ಡರ್ ಕೊಟ್ಟ. ಹಬ್ಬ ಕಳೆದು ಅದು ಬಂತು. ಅರಿಶಿನ ಕುಂಕುಮ ಹಚ್ಚಿ, ಧರ್ಮೇಶನನ್ನು ಕರೆದು ತೋರಿಸಿ, ಆಮೇಲೆ ಬೀರು ತೆಗೆದು ಡಬ್ಬಿಯ ಟೇಪು ಬಿಚ್ಚಿದ.

ಗಬ್ಬೆಂದು ಮುಗ್ಗಲು ವಾಸನೆ ಹೊಡೆಯಿತು. ಪ್ಲಾಸ್ಟಿಕ್ಕಿನ ಒಳಗೆಲ್ಲ ಬಿಳಿ ಬೂಷ್ಟು, ನೀರಿನ ಪಸೆ. ಫಿಲ್ಮುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಸೀತಕ್ಕನ ಮದುವೆಯದರಲ್ಲಿ ಪೂರ್ತಿ ಹಾಳಾಗದೆ ಉಳಿದ ಒಂದೇ ಚಿತ್ರವನ್ನು ಹುಡುಕಿ, ಮೆಲ್ಲಗೆ ಬಿಡಿಸಿ, ಒರೆಸಿ, ಯಂತ್ರಕ್ಕೆ ಕೊಟ್ಟ. ಅದಾದರೋ ತನ್ನ ಕೆಲಸದಲ್ಲಿ ಎಳ್ಳಷ್ಟೂ ಮೋಸ ಮಾಡಲಿಲ್ಲ. ಸೀತಕ್ಕನ ಮೂಗುತಿಯ ಹರಳು, ಹಾರದ ಒಂದೊಂದು ಎಸಳು, ಹಿಂದೆ ನಿಂತವನ ಅಂಗಿಯ ಗುಂಡಿ ಎಲ್ಲ ಕಂಡವು. ಪೇಟದ ಹತ್ತಿರದ ಧೂಳಿನ ಕಣವನ್ನೂ ಇನ್ಫ್ರಾರೆಡ್ ಅಳಿಸಿಬಿಟ್ಟಿತು. ಪೇಟದ ಕೆಳಗೆ ಮುಖ ಇರಬೇಕಾದ ಕಡೆ ಬೂಷ್ಟು ಬಣ್ಣವನ್ನೇ ತಿಂದು, ಎಳೆಎಳೆಯಾಗಿ ಬೇರು ಬಿಟ್ಟಿತ್ತು. ಆ ಬೇರುಗಳನ್ನು ಒಂದೊಂದಾಗಿ ಎಣಿಸಬಹುದಿತ್ತು.

ಮರುದಿನ ತಾಯಿ ಮಗಳು ಬಂದರು. ಮುಚ್ಚಿಡಲು ಯೋಗೇಂದ್ರನಿಗೆ ಮನಸ್ಸಾಗಲಿಲ್ಲ. ತನ್ನಿಂದಲೇ ಹಾಳಾಯಿತೆಂದು ಹೇಳಿ ಕಂಪ್ಯೂಟರನ್ನು ಅವರ ಕಡೆ ತಿರುಗಿಸಿದ. ನಾಚಿಕೆಯಿಂದ ಅವನಿಗೆ ತಲೆ ಎತ್ತಲಾಗಲಿಲ್ಲ. ಅರ್ಪಣಾ ಪರದೆಯ ತೀರಾ ಹತ್ತಿರ ಹೋಗಿ, ಅಪ್ಪನ ಕೈಬೆರಳುಗಳನ್ನು ಬಹಳ ಹೊತ್ತು ನೋಡಿದಳು.

ಸೀತಕ್ಕ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

"ಹೋಗ್ಲಿ, ಫೋಟೋ ಹೋತು," ಎಂದಳು. "ಅಪ್ಪ ಹೆಂಗಿದ್ರು ಅಂತ ಇವಳು ಸಣ್ಣೋಳಿಂದ ಕೇಳ್ತಾಳೆ. ಹೇಳಿ ಹೇಳಿ ನಂಗೇ ಈಗ ನಿಜ ಯಾವ್ದು, ನಾ ಕಟ್ಟಿದ್ದು ಯಾವ್ದು ಗೊತ್ತಾಗಲ್ಲ. ನೀವು ಅವತ್ತು ಎದುರಿಗೇ ನಿಂತು ನೋಡಿದೋರು. ಒಂದ್ಸಲ ನಿಮ್ಮ ಬಾಯಲ್ಲಿ ಇವಳಿಗೆ ಹೇಳಿ ಅಣ್ಣ."

ಅರ್ಪಣಾ ಅವನ ಕಡೆ ತಿರುಗಿದಳು. ಯೋಗೇಂದ್ರ ಕಣ್ಣು ಮುಚ್ಚಿ ನೆನೆಸಿಕೊಂಡ. ಆ ದಿನ ಚೆನ್ನಾಗಿಯೇ ನೆನಪಿತ್ತು. ಚಪ್ಪರದ ಹಸಿರು ಬಟ್ಟೆಯಿಂದ ಎಲ್ಲರ ಮೇಲೂ ಹಸಿರು ಬಿದ್ದದ್ದು, ಅದನ್ನು ಹೋಗಲಾಡಿಸಲು ಫ್ಲ್ಯಾಶನ್ನು ಓರೆ ಮಾಡಿ ಹೊಡೆದದ್ದು, ಹೊಸ ಲೆನ್ಸು, ರೋಲಿನ ಕೊನೆಯ ಮೂರು ಫ್ರೇಮು. ಆ ಬೆಳಕೆಲ್ಲ ಹೋಗಿ ಬಿದ್ದ ಮುಖವನ್ನು ಅವನು ಎಷ್ಟು ಹುಡುಕಿದರೂ ಸಿಗಲಿಲ್ಲ.

"ಗಲ್ಲ ಸ್ವಲ್ಪ ಮೇಲೆ ಮಾಡಿ ಅಂದೆ," ಎಂದ ಕೊನೆಗೆ. "ಮಾಡಿದರು."

"ಮತ್ತೆ?" ಎಂದಳು ಅರ್ಪಣಾ.